ಹನ್ನೊಂದು ಮರಿಗಳ ಮಧ್ಯಾಹ್ನ

ನಮ್ಮೂರಿಗೆ ಬರುವ ಬಸ್ಸು ಒಂದು ಗಂಟೆಗೆ ಹತ್ತು ನಿಮಿಷ ಇರುವಾಗಲೇ ಹೊರಟುಬಿಡುತ್ತದೆ. ಡ್ರೈವರ್ ಹೊರಗಿನವನು, ಅವನಿಗೆ ಹೆದರಿಕೆ. ಒಂದು ಹೊಡೆಯಿತೆಂದರೆ ಗಡಿಕಲ್ಲಿನ ಒಳಗಿರುವವರೆಲ್ಲ ಮಲಗಿಬಿಡುತ್ತೇವೆ. ತಿಮ್ಮರಾಯಿ ತನ್ನ ಹೋಟೆಲಿನ ಒಲೆಗೆ ಬೂದಿ ಮುಚ್ಚುತ್ತಾನೆ. ದರ್ಜಿ ರಜಾಕ್ ಸಾಬರು ಹೊಲಿಗೆ ಮಿಷನ್ನಿನ ಪಕ್ಕ ಚಾಪೆ ಬಿಡಿಸುತ್ತಾರೆ. ಸುನಂದಾ ಟೀಚರ್ ಮಕ್ಕಳನ್ನು ಸಾಲಾಗಿ ಮಲಗಿಸಿ, ಸಾಲಿನ ಕೊನೆಗೆ ತಾವೂ ಉರುಳಿಕೊಳ್ಳುತ್ತಾರೆ. ಎರಡು ಗಂಟೆಯವರೆಗೆ ಊರಿಗೆಲ್ಲ ಒಂದೇ ಕನಸು. ಅದು ನನ್ನ ಹಿತ್ತಲಿನ ಹಂದಿಗೂಡಿನಲ್ಲಿ, ಆಗತಾನೆ ಹಾಲು ಬಿಡಿಸಿದ ಮರಿಗಳು ಒಂದರ ಮೇಲೊಂದು ಬಿದ್ದುಕೊಂಡು ಕಾಣುವ ಕನಸು.

ಯಾಕೆ ಹೀಗೆ ಎಂದು ನನ್ನನ್ನು ಕೇಳಬೇಡಿ. ನಿಮ್ಮೂರಿನಲ್ಲಿ ಬಾವಿ ಯಾಕೆ ಅಲ್ಲೇ ಇದೆ ಎಂದು ನಾನೇನಾದರೂ ಕೇಳಿದೆನೇ? ನನ್ನ ಅಜ್ಜಿಯ ಕಾಲದಿಂದಲೂ ಊರಿನಲ್ಲಿ ಹಂದಿ ಸಾಕುವುದು ನಮ್ಮ ಮನೆಯವರೇ. ಮೂರು ತಾಯಿಹಂದಿಗಳು ಸರದಿಯಲ್ಲಿ ಮರಿ ಹಾಕುತ್ತವೆ, ಗೂಡು ಖಾಲಿ ಬೀಳುವುದಿಲ್ಲ. ಹಾಗಾಗಿ ಊರಿನ ಮಧ್ಯಾಹ್ನವೂ ಖಾಲಿ ಬಿದ್ದದ್ದಿಲ್ಲ.

ಆ ಕನಸಿನಲ್ಲಿ ಎಲ್ಲವೂ ಮರಿಯ ಎತ್ತರಕ್ಕೆ ಕಾಣುತ್ತದೆ. ಗರಿಕೆ ಹುಲ್ಲು ಸೊಂಟದವರೆಗೆ ಬರುತ್ತದೆ. ಮಣ್ಣಿಗೆ ನೂರು ಬಗೆಯ ವಾಸನೆ. ಬೀದಿಗಳು ಬೆಚ್ಚಗಿದ್ದು ಸಣ್ಣಗೆ ಉಸಿರಾಡುತ್ತವೆ, ಮನೆಗಳು ಒಂದಕ್ಕೊಂದು ಒರಗಿ ಮಲಗಿರುತ್ತವೆ. ಮರಿಗಳು ಬೆಳಿಗ್ಗೆ ಏನು ತಿಂದವೋ ಅದರ ಬಣ್ಣ ಆಕಾಶಕ್ಕೆ ಬರುತ್ತದೆ. ಅರಿಶಿನ ಬೆರೆಸಿದ ಗಂಜಿ ಕುಡಿದ ದಿನ ಊರೆಲ್ಲ ಮದುವೆಮನೆಯ ಹಾಗೆ ಹಳದಿ. ಆ ಬೀದಿಯಲ್ಲಿ ನಾವು ಓಡಾಡುತ್ತೇವೆ, ಮಾತಾಡುತ್ತೇವೆ. ಎಚ್ಚರದಲ್ಲಿ ಮುಖ ತಿರುಗಿಸಿಕೊಂಡು ಹೋಗುವವರು ಅಲ್ಲಿ ಹೆಗಲಿಗೆ ಹೆಗಲು ಒತ್ತಿ ಕೂತಿರುತ್ತಾರೆ.

ಎದ್ದ ಮೇಲೆ ಕಂಡದ್ದು ನೆನಪಿದ್ದರೂ ಕೇಳಿದ್ದರಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಚೂರು ಉಳಿಯುತ್ತದೆ. ಒಬ್ಬನಿಗೆ ಒಂದು ನಗು, ಇನ್ನೊಬ್ಬಳಿಗೆ ಯಾರೋ ಕರೆದ ದನಿ. ಮಿಕ್ಕ ಮಾತೆಲ್ಲ ಮುಖ ತೊಳೆದ ನೀರಿನ ಜೊತೆ ಹೋಗುತ್ತದೆ. ಉಳಿದ ಆ ಚೂರನ್ನು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. ಇದು ನಮ್ಮೂರಿನ ಮರ್ಯಾದೆ, ಬೇರೆ ಊರಿನಿಂದ ಬಂದ ಸೊಸೆಗೆ ಮೊದಲು ಕಲಿಸುವುದೂ ಇದನ್ನೇ. ಎರಡು ಗಂಟೆಗೆ ಏಳುತ್ತೇವೆ, "ಏನ್ ಬಿಸಿಲು ಕಣಪ್ಪ" ಎನ್ನುತ್ತೇವೆ, ಕೆಲಸಕ್ಕೆ ಹೋಗುತ್ತೇವೆ.

ಮರಿಗಳನ್ನು ನೋಡಿಕೊಳ್ಳುತ್ತಿದ್ದವಳು ನನ್ನ ಅಕ್ಕ ದೇವೀರಕ್ಕ. ಗಂಡನ ಮನೆಗೆ ಹೋಗಿ ವರ್ಷ ತುಂಬುವುದರೊಳಗೆ ವಾಪಸ್ಸು ಬಂದವಳು. ನಾನು ಹೋಗಲೇ ಇಲ್ಲ. ನನ್ನ ಬಾಯಿಗೆ ಯಾವ ಗಂಡನೂ ತಡೆಯುವುದಿಲ್ಲ ಎಂದು ಅಪ್ಪನೇ ತೀರ್ಮಾನಿಸಿದ್ದ. ನಾನು ವ್ಯಾಪಾರಿಗಳ ಜೊತೆ ಜಗಳವಾಡುವುದು, ತೌಡು ತರುವುದು, ಗೂಡು ತೊಳೆಯುವುದು. ಅಕ್ಕ ಹಾಲು ಬಿಡಿಸಿದ ಮರಿಗಳ ತಾಯಿ. ತಾಯಿಯಿಂದ ಬೇರೆಯಾದ ಮೊದಲ ಹದಿನೈದು ದಿನ ಮರಿಗೆ ಬಹಳ ಕಷ್ಟ. ಹಾಲು ಹೋಗಿ ತೌಡು ಬರುತ್ತದೆ, ಹೊಟ್ಟೆ ಒಗ್ಗುವುದಿಲ್ಲ, ಬಿಳಿ ಭೇದಿ ಹತ್ತಿಕೊಂಡರೆ ಎರಡು ದಿನದಲ್ಲಿ ಚರ್ಮ ಮೂಳೆಗೆ ಅಂಟುತ್ತದೆ. ಅಕ್ಕ ಬೆಳಿಗ್ಗೆ ಎದ್ದು ಬೇಲಿ ಸುತ್ತಿ ಬರುತ್ತಿದ್ದಳು, ಏನೇನೋ ಕಿತ್ತು ತಂದು ಒರಳಿಗೆ ಹಾಕಿ ಅರೆದು ಗಂಜಿಗೆ ಬೆರೆಸುತ್ತಿದ್ದಳು. ಇಪ್ಪತ್ತೆರಡು ವರ್ಷ ಅದನ್ನು ನೋಡಿದೆ. ಯಾವ ಸೊಪ್ಪು, ಎಷ್ಟು ಎಂದು ಒಂದು ದಿನವೂ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನನ್ನಂಥವಳನ್ನು ನೋಡಿಯೇ ಮಾಡಿರಬೇಕು.

ಎರಡು ವರ್ಷದ ಹಿಂದೆ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಉಳಿದದ್ದು ಎಡಗೈ ಮತ್ತು ಒಂದು "ಉಂ". ಆದರೆ ಮಧ್ಯಾಹ್ನದ ಕನಸಿನಲ್ಲಿ ಅಕ್ಕ ಸೆರಗು ಸಿಕ್ಕಿಸಿಕೊಂಡು ದಾಪುಗಾಲು ಹಾಕುತ್ತಿದ್ದಳು. ಮೊದಲ ದಿನವೇ ಬಂದು, "ಏನ್ ಹಂಗ್ ಕಣ್ ಬಿಡ್ತೀಯೇ? ಮಲಗಿದ್ದು ನಾನು, ನೀನಲ್ಲ" ಎಂದು ಬೈದಳು. ಎದ್ದಾಗ ನನಗೆ ಆ ಬೈಗುಳ ಉಳಿದಿತ್ತು. ಅದನ್ನು ಹಿಡಿದುಕೊಂಡು ಅವಳ ಮಂಚದ ಪಕ್ಕ ಕೂತು ಗಂಜಿ ಕುಡಿಸಿದೆ. ಅಂದಿನಿಂದ ದಿನಕ್ಕೊಂದು ಮಾತಿನಂತೆ ಅಕ್ಕ ನನಗೆ ಸಿಗುತ್ತಾ ಬಂದಳು.

ಸೊಪ್ಪಿನ ವಿಷಯ ಆಗಲೇ ಕೇಳಬಹುದಿತ್ತು. ಕೇಳಲಿಲ್ಲ. ಮರಿಗಳು ನನ್ನ ಕೈಯಲ್ಲೂ ಬದುಕುತ್ತವೆ ಎಂದು ಅವಳಿಗೆ ತೋರಿಸಬೇಕಿತ್ತು. ಅಂದಾಜಿನ ಮೇಲೆ ಚೂರು ಅರಿಶಿನ, ಒಂದು ಹಿಡಿ ಬೇವು ಹಾಕಿ ವರ್ಷಕ್ಕೂ ಹೆಚ್ಚು ಕಾಲ ಹೇಗೋ ತಳ್ಳಿದೆ. ಆಮೇಲೆ ಒಂದು ಸೂಲಿನ ಹತ್ತು ಮರಿಗಳಲ್ಲಿ ಏಳು ನಾಲ್ಕೇ ದಿನದಲ್ಲಿ ಸತ್ತವು. ಆ ನಾಲ್ಕು ಮಧ್ಯಾಹ್ನ ಊರಿನವರು ಕನಸಿನಲ್ಲಿ ಜ್ವರದಿಂದ ನಡುಗಿದರು. ಎದ್ದು ಎಲ್ಲರೂ ಬಿಸಿಲಿನ ಮಾತನ್ನೇ ಆಡಿದರು, ನನ್ನ ಮುಖ ಮಾತ್ರ ನೋಡಲಿಲ್ಲ.

ಪಶುವೈದ್ಯ ಡಾಕ್ಟರ್ ಶಶಿಧರ ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೋಗುವವರು. ಒಂದು ಬಿಳಿ ಪುಡಿ ಕೊಟ್ಟು, "ಭೇದಿ ಆಗ್ತಿರೋ ಮರಿಗೆ ಮಾತ್ರ, ಐದು ದಿನ" ಎಂದರು. ಅದು ಆ್ಯಂಟಿಬಯೋಟಿಕ್ ಎಂದು, ಸುಮ್ಮಸುಮ್ಮನೆ ಹಾಕಬಾರದು ಎಂದು, ಬಿಡಿಸಿ ಬಿಡಿಸಿ ಹೇಳಿದರು. ಉಳಿದ ಮೂರು ಮರಿಗಳು ಮೂರನೇ ದಿನಕ್ಕೆ ಎದ್ದು ಬಕೆಟ್ಟು ಉರುಳಿಸಿದವು. ನನಗೆ ಆ ಪುಡಿಯ ಮೇಲೆ ದೇವರಂಥ ನಂಬಿಕೆ ಬಂತು. ಡಾಕ್ಟರು ಐದು ದಿನ ಎಂದಿದ್ದರು. ನಾನು ಪೇಟೆಯಿಂದ ತರಿಸಿ ತರಿಸಿ, ರೋಗ ಇದ್ದದ್ದಕ್ಕೂ ಇಲ್ಲದ್ದಕ್ಕೂ, ಆರು ತಿಂಗಳು ಎಲ್ಲಾ ಮರಿಗಳ ಗಂಜಿಗೆ ಹಾಕಿದೆ.

ಮರಿಗಳು ದುಂಡಗಾದವು, ಒಂದೂ ಸಾಯಲಿಲ್ಲ. ಆದರೆ ಮಧ್ಯಾಹ್ನ ಒಂದು ಗಂಟೆಗೆ ಮಲಗಿದರೆ ಬರೀ ಬಿಳುಪು. ಬೀದಿಯಿಲ್ಲ, ವಾಸನೆಯಿಲ್ಲ, ಯಾರೂ ಇಲ್ಲ. ಊರು ಅದಕ್ಕೂ ಒಗ್ಗಿಕೊಂಡಿತು. "ನಿದ್ದೆ ಚೆನ್ನಾಗಿ ಬರ್ತಾ ಇದೆ ಹೊನ್ನಕ್ಕ, ಮೈ ಹಗುರ" ಎಂದರು ರಜಾಕ್ ಸಾಬರು, ಹೇಳುವಾಗ ಮಾತ್ರ ಸೂಜಿಯ ಕಡೆ ನೋಡುತ್ತಿದ್ದರು. ತಿಮ್ಮರಾಯಿ ಗಿರಾಕಿಗಳ ಮೇಲೆ ಸಿಡುಕತೊಡಗಿದ. ಬಾವಿಬೀದಿಯ ಅಣ್ಣತಮ್ಮಂದಿರಿಬ್ಬರು ಎಚ್ಚರದಲ್ಲಿ ಮಾತು ಬಿಟ್ಟು ಹದಿನಾಲ್ಕು ವರ್ಷವಾದರೂ ಹೇಗೋ ಒಂದೇ ಸೂರಿನಲ್ಲಿದ್ದರು, ಈಗ ಅಂಗಳಕ್ಕೆ ಅಡ್ಡಗೋಡೆ ಎಬ್ಬಿಸಿದರು. ಸುನಂದಾ ಟೀಚರ್ ಒಂದು ಸಲ ನಮ್ಮ ಗೂಡಿನ ಮುಂದೆ ನಿಂತು, "ಮರಿಗಳೆಲ್ಲ ಆರಾಮಾ ಹೊನ್ನಕ್ಕ?" ಎಂದು ಕೇಳಿದರು. ಆರಾಮಾಗಿವೆ ಟೀಚರೇ ಎಂದೆ.

ಅಕ್ಕ ಮಾತ್ರ ಒಗ್ಗಿಕೊಳ್ಳಲಿಲ್ಲ. ಬಿಳಿ ನಿದ್ದೆ ಅವಳನ್ನು ಹಿಡಿಯಲೇ ಇಲ್ಲ. ಊರೆಲ್ಲ ಮಲಗಿರುವಾಗ ಅವಳೊಬ್ಬಳೇ ಎದ್ದಿರುತ್ತಿದ್ದಳು. ನಾನು ಎರಡು ಗಂಟೆಗೆ ಕಣ್ಣುಬಿಟ್ಟರೆ ಅವಳ ಕಣ್ಣು ನನ್ನ ಮೇಲೆ. ಪುಡಿಯ ವಿಷಯ ಅವಳಿಗೆ ಗೊತ್ತು, ನಾನು ಬೆರೆಸುವುದು ಅವಳ ಕಿಟಕಿಯ ಎದುರಿಗೇ. ಆರನೇ ತಿಂಗಳಲ್ಲಿ ಅವಳ ಆ "ಉಂ" ಕೂಡ ನಿಂತುಹೋಯಿತು. ನೀರು ಬೇಕಾ ಎಂದರೂ "ಉಂ" ಇಲ್ಲ, ಅನ್ನ ಬೇಕಾ ಎಂದರೂ "ಉಂ" ಇಲ್ಲ. ನನಗೆ ಕೋಪ ಬಂತು, ನಿನ್ನ ಮಾತಿಗೋಸ್ಕರ ಮರಿ ಸಾಯಿಸಲಾ ಎಂದು ಕೂಗಾಡಿದೆ. ಕೂಗಾಡಿ, ಹಿತ್ತಲಿಗೆ ಹೋಗಿ, ತೌಡಿನ ಚೀಲದ ಮೇಲೆ ಕೂತು ಅತ್ತೆ.

ಆ ವಾರ ಕರಿಬಾಲದ ಹಂದಿಯ ಹನ್ನೊಂದು ಮರಿಗಳಿಗೆ ಹಾಲು ಬಿಡಿಸಬೇಕಿತ್ತು. ಹಳೆಯ ಮರಿಗಳನ್ನು ವ್ಯಾಪಾರಿ ಒಯ್ದಿದ್ದ. ನಾನು ಪುಡಿಯ ಡಬ್ಬ ತೆಗೆದು ಅಟ್ಟದ ಮೇಲಿಟ್ಟೆ. ಕನಸು ಬಂದರೆ ಅಕ್ಕ ಬರುತ್ತಾಳೆ, ಅಕ್ಕ ಬಂದರೆ ಸೊಪ್ಪು ಯಾವುದೆಂದು ಈ ಸಲವಾದರೂ ಬಾಯಿಬಿಟ್ಟು ಕೇಳುತ್ತೇನೆ ಎಂದುಕೊಂಡೆ. ಅದಕ್ಕೆ ಮುಂಚೆಯೇ ಭೇದಿ ಬಂದರೆ? ಹನ್ನೊಂದು ಮೂತಿಗಳು ನನ್ನ ಸೀರೆಯ ಅಂಚು ಕಚ್ಚಿ ಎಳೆಯುತ್ತಿದ್ದವು. ಅವುಗಳ ಜೀವ ಇಟ್ಟು ನಾನು ಆಟಕ್ಕೆ ಕೂತಿದ್ದೆ, ಅದು ನನಗೆ ಗೊತ್ತಿತ್ತು.

ಮೂರು ದಿನ ಭೇದಿಯೂ ಇಲ್ಲ, ಕನಸೂ ಇಲ್ಲ. ನಾಲ್ಕನೇ ಬೆಳಿಗ್ಗೆ ಮೂರು ಮರಿಗಳ ಹಿಂಭಾಗ ಒದ್ದೆ. ಓಡಿ ಅಟ್ಟದ ಏಣಿಗೆ ಕಾಲಿಟ್ಟೆ, ಮತ್ತೆ ಇಳಿದೆ. ಈ ಒಂದು ಮಧ್ಯಾಹ್ನ ನೋಡೋಣ ಎಂದುಕೊಂಡೆ. ಅದೇ ದಿನ ಊರಬಾಗಿಲಲ್ಲಿ ಬಸ್ಸಿನ ಟೈರು ಪಂಕ್ಚರ್ ಆಗಿ, ಡ್ರೈವರ್ ಗಡಿಕಲ್ಲು ದಾಟಿ ಓಡಿಹೋಗಿ ಮರದಡಿ ನಿಂತ. ಯಾರದೋ ಹಸುವನ್ನು ನೋಡಲು ಬಂದಿದ್ದ ಡಾಕ್ಟರ್ ಶಶಿಧರ ತಿಮ್ಮರಾಯಿಯ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದವರು, ಒಂದು ಹೊಡೆದಾಗ ಕೂತಲ್ಲೇ ಒರಗಿದರು.

ಕನಸು ಬಂತು. ತೆಳ್ಳಗೆ, ನೀರು ಹೆಚ್ಚಾದ ಮಜ್ಜಿಗೆಯ ಹಾಗೆ ಬಂತು, ಆದರೂ ಬಂತು. ಬೀದಿ ಉಸಿರಾಡಿತು. ಅಕ್ಕ ನಡೆದು ಬಂದಳು. ನಾನು ಕೇಳಿದೆ, ಅವಳು ಹೇಳಿದಳು. ಕೇಳಿದ್ದು, ಹೇಳಿದ್ದು ಎರಡೂ ಖಾತ್ರಿ. ಆದರೆ ಎರಡು ಗಂಟೆಗೆ ಎದ್ದಾಗ ನನಗೆ ಉಳಿದಿದ್ದದ್ದು ಇಷ್ಟೇ: "ಲೇ ಹೊನ್ನಿ, ಈಗ್ ಬಂದ್ಯಾ ದಾರಿಗೆ?" ಒಂದು ಎಲೆಯ ಹೆಸರಿಲ್ಲ. ನಾನು ಹಣೆ ಹಣೆ ಬಡಿದುಕೊಂಡೆ. ಮಂಚದ ಮೇಲೆ ಅಕ್ಕ ಆರು ತಿಂಗಳಲ್ಲಿ ಮೊದಲ ಸಲ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು.

ಸಂಜೆಯೊಳಗೆ ಐದು ಮರಿಗಳಿಗೆ ಭೇದಿ ಹತ್ತಿತು. ಉಪ್ಪು ಸಕ್ಕರೆ ನೀರು ಕುಡಿಸಿದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಹೊಸಿಲಲ್ಲಿ ಕಾಲಿಗೆ ಏನೋ ತಗುಲಿತು. ಒಂದು ಕಟ್ಟು ದೊಡ್ಡಪತ್ರೆ, ಬೇರಿನ ಮಣ್ಣು ಇನ್ನೂ ಹಸಿ. ಅದರ ಪಕ್ಕ ಹೋಟೆಲಿನ ಹಾಳೆಯಲ್ಲಿ ಸುತ್ತಿದ ಬೆಳ್ಳುಳ್ಳಿ. ದರ್ಜಿಯ ಚಿಂದಿ ಬಟ್ಟೆಯಲ್ಲಿ ಕಟ್ಟಿದ ಒಣಗಿದ ದಾಳಿಂಬೆ ಸಿಪ್ಪೆ. ಸ್ಲೇಟಿನ ಮೇಲೆ ಜೋಡಿಸಿದ ಸೀಬೆ ಚಿಗುರು. ಒಂದು ಚಟಾಕು ಓಮಕಾಳು, ಒಂದು ಕೊಂಬು ಅರಿಶಿನ. ನಾನು ನೋಡುತ್ತಿದ್ದ ಹಾಗೆಯೇ ಬಾವಿಬೀದಿಯ ಅಣ್ಣ ಬಂದು ಒಂದು ತುಂಡು ಶುಂಠಿ ಇಟ್ಟ. ಅವನು ತಿರುವಿನಲ್ಲಿ ಮರೆಯಾಗುವುದನ್ನೇ ಕಾದಿದ್ದವನಂತೆ ತಮ್ಮ ಬಂದು, ಅಷ್ಟೇ ದೊಡ್ಡ ತುಂಡು ಶುಂಠಿ ಇಟ್ಟ. "ಏನಪ್ಪ ಇದು?" ಎಂದೆ. "ಬಿಸಿಲು ಜಾಸ್ತಿ ಕಣಕ್ಕ" ಎಂದು ಹೋದ. ಇನ್ನೂ ಸೂರ್ಯನೇ ಸರಿಯಾಗಿ ಹುಟ್ಟಿರಲಿಲ್ಲ.

ಎಲ್ಲವನ್ನೂ ಮೊರದಲ್ಲಿ ಹಾಕಿ ಅಕ್ಕನ ಮುಂದೆ ಹಿಡಿದೆ. ಅವಳ ಎಡಗೈ ಮೊರದ ಮೇಲೆ ಓಡಾಡಿತು. ದೊಡ್ಡಪತ್ರೆಯನ್ನು ಹಿಡಿತುಂಬ ತೆಗೆದು ನನ್ನ ಮಡಿಲಿಗೆ ಹಾಕಿದಳು. ಬೆಳ್ಳುಳ್ಳಿ ನಾಲ್ಕೇ ಎಸಳು, ಐದನೆಯದಕ್ಕೆ ಕೈ ಹಾಕಿದಾಗ ನನ್ನ ಬೆರಳಿಗೆ ಹೊಡೆದಳು. ದಾಳಿಂಬೆ ಸಿಪ್ಪೆಯನ್ನು ಮೂಗಿನ ಹತ್ತಿರ ಹಿಡಿದು, ಒಲೆಯ ಕಡೆ ತೋರಿಸಿದಳು, ಅಂದರೆ ಕುದಿಸಬೇಕು. ಎಚ್ಚರದಲ್ಲಿ ಅವಳನ್ನು ಹೀಗೆ ಕೇಳಬಹುದೆಂದು ಎರಡು ವರ್ಷ ನನಗೆ ಹೊಳೆದೇ ಇರಲಿಲ್ಲ. ಸೊಪ್ಪು ಕಣ್ಣೆದುರಿಗಿದ್ದರೆ ಮಾತಿನ ಅಗತ್ಯವೇ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಇದಕ್ಕೇ.

ಅರೆದು, ಕುದಿಸಿ, ಸೋಸಿ, ಬೆಚ್ಚಗಿನ ಗಂಜಿಗೆ ಬೆರೆಸಿ ಕೊಟ್ಟೆ. ಗೂಡೆಲ್ಲ ಘಮಘಮ. ಅವತ್ತು ಮಧ್ಯಾಹ್ನ ಆಕಾಶ ದೊಡ್ಡಪತ್ರೆಯ ಹಸಿರು. ಎರಡನೇ ದಿನ ಮೂರು ಮರಿಗಳ ಭೇದಿ ಗಟ್ಟಿಯಾಯಿತು. ಮಾರನೆಯ ಬೆಳಿಗ್ಗೆ ಇನ್ನೊಂದು ಎದ್ದು ಬಂದು ತೊಟ್ಟಿಗೆ ಮೂತಿ ಹಾಕಿತು. ಉಳಿದದ್ದು ಒಂದು, ಎಲ್ಲಕ್ಕಿಂತ ಸಣ್ಣದು, ಕಿವಿ ಸೀಳಿದ್ದು. ಅದು ಹುಲ್ಲಿನ ಮೇಲೆ ಅಡ್ಡ ಬಿದ್ದಿತ್ತು, ಕಣ್ಣುಗಳು ಒಳಕ್ಕೆ ಇಳಿದಿದ್ದವು. ಇನ್ನೊಂದು ದಿನ ಸೊಪ್ಪು ಕೊಟ್ಟರೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಸರಿಹೋಗುವುದಿಲ್ಲ ಎಂದು ನನ್ನ ಕೈಗೆ ಗೊತ್ತಿತ್ತು, ಅದರ ಹೊಟ್ಟೆ ತಣ್ಣಗಿತ್ತು. ಹನ್ನೊಂದರಲ್ಲಿ ಒಂದು ತಾನೇ ಎಂಬ ಮಾತು ಮನಸ್ಸಿಗೆ ಬಂದದ್ದನ್ನೂ ಹೇಳಿಬಿಡುತ್ತೇನೆ. ಅಟ್ಟದ ಡಬ್ಬ ಇಳಿಸಿದರೆ ಅಕ್ಕ ಮತ್ತೆ ಹೋಗುತ್ತಾಳೆ, ನಾನು ಇಳಿಸುವುದಿಲ್ಲ.

ಬೆಳಗಿನ ಬಸ್ಸಿಗೆ ಡಾಕ್ಟರ್ ಶಶಿಧರ ಬಂದರು. ಗೂಡಿನ ಹತ್ತಿರ ಯಾವಾಗಲೂ ಇರುವ ಹಾಗೆ ಅಂದೂ ಜನರಿದ್ದರು. ತಿಮ್ಮರಾಯಿ ಲೋಟ ಹಿಡಿದು ನಿಂತಿದ್ದ, ರಜಾಕ್ ಸಾಬರು ಬೇಲಿಗೆ ಒರಗಿದ್ದರು. ಡಾಕ್ಟರು ಬ್ಯಾಗು ಕೆಳಗಿಟ್ಟು, ಹೊರಗಿನವರ ದೊಡ್ಡ ಗಂಟಲಿನಲ್ಲಿ, "ಹೊನ್ನಮ್ಮನೋರೇ, ಅವತ್ತು ಹೋಟ್ಲಲ್ಲಿ ನಿದ್ದೆ ಹೋಗ್ಬಿಟ್ಟಿದ್ದೆ. ಎಂಥಾ ಕನಸು ಬಿತ್ತು ಗೊತ್ತಾ? ನಿಮ್ಮಕ್ಕ ಬಂದಿದ್ರು" ಎಂದರು.

ತಿಮ್ಮರಾಯಿಯ ಕೈಯಿಂದ ಲೋಟ ಜಾರಿತು. "ಬಿಸಿಲು, ಡಾಕ್ಟ್ರೇ, ಬಿಸಿಲು ಜಾಸ್ತಿ" ಎಂದು ರಜಾಕ್ ಸಾಬರು ಅಡ್ಡ ಬಂದರು.

"ಬಿಸಿಲಲ್ಲ ಸಾಬ್ರೇ, ಕೇಳಿ. ಎದ್ದಾಗಿಂದ ಒಂದೇ ಮಾತು ಕಿವೀಲಿ ಕೂತಿದೆ. ಬಿಡ್ತಾನೇ ಇಲ್ಲ. ಅದನ್ನ ಹೇಳಿ ಹೋಗೋಣ ಅಂತ್ಲೇ ಬಂದೆ."

"ಹೇಳ್ಬೇಡಿ" ಎಂದೆ.

ಅವರಿಗೆ ನಮ್ಮ ಮರ್ಯಾದೆ ತಿಳಿಯದು, ಹೇಳಿಯೇಬಿಟ್ಟರು. "ಮೂರನೇ ದಿನಕ್ಕೂ ಏಳ್ದೇ ಇರೋ ಮರಿ ಇದ್ರೆ ಅದಕ್ಕೆ ಪುಡಿ ಹಾಕು ಹೊನ್ನಿ. ನನ್ ಮಾತು ಉಳಿಸ್ಕೊಳ್ಳೋಕೆ ಮರಿ ಸಾಯಿಸ್ಬೇಡ. ಹಿಂಗಂದ್ರು."

ಆ ಮಾತು ನನ್ನ ಕಿವಿಗೆ ಹೊಸದಾಗಿ ಬೀಳಲಿಲ್ಲ, ಅದೇ ನನ್ನನ್ನು ಕೊಂದದ್ದು. ಎಲ್ಲೋ ಇಟ್ಟು ಮರೆತ ಚಾಕು ಕೈಗೆ ಸಿಕ್ಕ ಹಾಗೆ ಗುರುತು ಹತ್ತಿತು. ಎದ್ದಾಗ ಯಾವ ಚೂರು ಉಳಿಯಬೇಕೆಂದು ಆರಿಸುವುದು ನಮ್ಮ ಕೈಯಲ್ಲಿಲ್ಲ ಎಂದು ಊರಿನಲ್ಲಿ ಹೇಳುತ್ತಾರೆ. ನನಗೆ ಈಗ ಅದರ ಮೇಲೆ ನಂಬಿಕೆಯಿಲ್ಲ. ನಾನು ಆ ಮಾತನ್ನು ಬಿಟ್ಟು ಬೈಗುಳವನ್ನು ಎತ್ತಿಕೊಂಡು ಎದ್ದಿದ್ದೆ.

ಕಿಟಕಿಯ ಕಡೆ ನೋಡಿದೆ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎಡಗೈ ಎತ್ತಿ ಅಟ್ಟದ ಕಡೆ ತೋರಿಸಿದಳು. "ಉಂ" ಎಂದಳು.

"ನೀನ್ ಮತ್ತೆ ಹೋಗ್ಬಿಡ್ತೀಯ ಅಕ್ಕ" ಎಂದೆ, ಅಷ್ಟು ಜನರ ಮುಂದೆ, ಮರ್ಯಾದೆಯನ್ನೆಲ್ಲ ಗಾಳಿಗೆ ತೂರಿ. ತಿಮ್ಮರಾಯಿ ಟವೆಲಿನಿಂದ ಮುಖ ಒರೆಸಿಕೊಂಡ. ಅಕ್ಕ ಮತ್ತೆ "ಉಂ" ಎಂದಳು, ಈ ಸಲ ಜೋರಾಗಿ. ಇಪ್ಪತ್ತೆರಡು ವರ್ಷ ಆ ದನಿಗೆ ನಾನು ಎದುರಾಡಿದವಳಲ್ಲ.

ನಾನು ಡಬ್ಬ ಇಳಿಸಿದೆ. ಡಾಕ್ಟರೇ ತೂಕ ಮಾಡಿ ಪುಡಿ ಕಲಸಿದರು. "ಈ ಒಂದಕ್ಕೆ ಮಾತ್ರ. ಐದು ದಿನ ಪೂರ್ತಿ, ಮಧ್ಯ ನಿಲ್ಲಿಸ್ಬಾರ್ದು. ಮಿಕ್ಕ ಹತ್ತಕ್ಕೆ ನಿಮ್ಮ ಸೊಪ್ಪಿನ ಗಂಜೀನೇ ಕೊಡಿ, ನಾನೂ ಬರ್ಕೊಂಡು ಹೋಗ್ತೀನಿ" ಎಂದರು. ಆಮೇಲೆ ನನ್ನ ಆರು ತಿಂಗಳ ಕಥೆ ಕೇಳಿ ತಲೆ ಚಚ್ಚಿಕೊಂಡರು. "ದಿನಾ ಹಾಕಿದ್ರೆ ರೋಗ ಪುಡಿಗೇ ಒಗ್ಗಿಹೋಗುತ್ತೆ ಕಣಮ್ಮ. ಆಮೇಲೆ ನಿಜವಾಗ್ಲೂ ಬೇಕಾದಾಗ ಇದು ಬರೀ ಸುಣ್ಣ." ಬೈಸಿಕೊಳ್ಳುವುದು ನ್ಯಾಯವಾಗಿತ್ತು, ಬೈಸಿಕೊಂಡೆ.

ಕಿವಿ ಸೀಳಿದ ಮರಿಯನ್ನು ಮಿಕ್ಕವುಗಳಿಂದ ಬೇರೆ ಮಾಡಿ, ಹಳೆಯ ಬುಟ್ಟಿಗೆ ಹುಲ್ಲು ಹಾಸಿ, ಅಕ್ಕನ ಮಂಚದ ಮೇಲೆ ಅವಳ ಎಡಗೈ ತಲುಪುವ ಕಡೆ ಇಟ್ಟೆ. ಅಷ್ಟು ಹೊತ್ತಿಗೆ ಹನ್ನೆರಡೂಮುಕ್ಕಾಲು. ಬಸ್ಸು ಹಾರ್ನ್ ಹೊಡೆಯಿತು, ಡಾಕ್ಟರು ಹೋಗಲಿಲ್ಲ. ತಿಮ್ಮರಾಯಿಯ ಬೆಂಚಿನ ಮೇಲೆ ಚಪ್ಪಲಿ ಬಿಟ್ಟು ಕೂತರು. ನಾನು ಅಕ್ಕನ ಕಾಲಬುಡದಲ್ಲಿ ಚಾಪೆ ಹಾಸಿದೆ. ಮತ್ತೆ ಆ ಬಿಳುಪು ಬಂದರೆ ಹೇಗೆ ಸಹಿಸಲಿ ಎಂದುಕೊಳ್ಳುತ್ತಲೇ ಒಂದು ಹೊಡೆಯಿತು.

ಬೀದಿ ಇತ್ತು. ಹಸಿರು ಆಕಾಶ, ಶುಂಠಿಯ ಗಾಳಿ, ಸೊಂಟದವರೆಗೆ ಗರಿಕೆ. ಬಾವಿಬೀದಿಯ ಅಣ್ಣತಮ್ಮಂದಿರು ಒಂದೇ ಕಲ್ಲಿನ ಮೇಲೆ ಒತ್ತಿಕೊಂಡು ಕೂತಿದ್ದರು. ಡಾಕ್ಟರು ಬರಿಗಾಲಿನಲ್ಲಿ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಬೀದಿಯ ನಡುವೆ ಮಾತ್ರ ಒಂದು ಬಿಳಿ ಜಾಗ, ಮಲಗಿದ ಮರಿಯಷ್ಟು ದೊಡ್ಡದು, ಅಲ್ಲಿ ಏನೂ ಇರಲಿಲ್ಲ. ಓಡಾಡುವವರು ಅದನ್ನು ತುಳಿಯದಂತೆ ಬಳಸಿಕೊಂಡು ಹೋಗುತ್ತಿದ್ದರು. ಅಕ್ಕ ಬಂದಳು. ಎಲ್ಲರೂ ಅವಳನ್ನು ಮಾತಾಡಿಸಿದರು, ಅವಳೂ ಮಾತಾಡಿದಳು, ಏನೇನು ಎಂದು ಈಗ ನೆನಪಿಲ್ಲ. ಆಮೇಲೆ ಅವಳು ಆ ಬಿಳಿ ಜಾಗದ ಪಕ್ಕ ಮಂಡಿಯೂರಿ ಕೂತು ಬಲಗೈಯನ್ನು ಅದರೊಳಕ್ಕೆ ಇಳಿಸಿದಳು. ಕೈ ಮಣಿಕಟ್ಟಿನವರೆಗೆ ಕಾಣದಾಯಿತು. ನಾನು ಹೆದರಿ ಅವಳ ಸೆರಗು ಹಿಡಿದೆ.

"ಬೆಚ್ಚಗಿದೆ ಕಣೇ" ಎಂದಳು ಅಕ್ಕ.

ಅವತ್ತು ನನಗೆ ಉಳಿದದ್ದು ಆ ಮಾತು. ಹೇಳಬಾರದು, ಹೇಳಿದ್ದೇನೆ. ಒಂದು ಸಲ ಒಳ್ಳೆಯ ಮಾತನ್ನು ಮುಚ್ಚಿಟ್ಟು ಒಂದು ಜೀವ ಕಳೆಯುವುದರಲ್ಲಿದ್ದೆ, ಇನ್ನು ಮುಚ್ಚಿಡುವವಳಲ್ಲ. ಎರಡು ಗಂಟೆಗೆ ಎದ್ದು ನೋಡಿದಾಗ ಅಕ್ಕ ಇನ್ನೂ ನಿದ್ದೆಯಲ್ಲಿದ್ದಳು, ಎಡಗೈ ಬುಟ್ಟಿಯೊಳಗಿತ್ತು. ನಾನೂ ನನ್ನ ಕೈಯನ್ನು ಅದರ ಪಕ್ಕ ಇಳಿಸಿ ಮರಿಯ ಹೊಟ್ಟೆ ಮುಟ್ಟಿ ನೋಡಿದೆ. ಅಕ್ಕ ಹೇಳಿದ್ದು ನಿಜ.